ಕಿತ್ತ ಹಲ್ಲಿನ ಲೆಕ್ಕ, ಉಳಿದ ಹಲ್ಲಿನ ಲೆಕ್ಕ



ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ವಿಧಿಯ ಆಟವನ್ನು ಹೇಳುವುದಕ್ಕೆ ಈ ಮಾತನ್ನು ಬಳಸಿ, ನಕ್ಕು ಸುಮ್ಮನಾಗುತ್ತೇವೆ. ಆದರೆ ಹಲ್ಲು ಏಕೆ ಹೋಯಿತು, ಯಾರದ್ದು ಹೋಯಿತು, ಅದು ಹೋಗುವಾಗ ನಾವು ಅಕ್ಕಪಕ್ಕದವರು ಏನು ಮಾಡುತ್ತಿದ್ದೆವು ಎಂದು ಕೇಳಿದವರು ಕಡಿಮೆ. ನಾನೂ ಕೇಳಿದವನಲ್ಲ. ಮಠದ ಲೆಕ್ಕಪತ್ರ ಬರೆಯುವುದು, ರಶೀದಿ ಹರಿಯುವುದು, ಸಭೆಯ ವರದಿ ತಯಾರಿಸುವುದು ನನ್ನ ಕಾಯಕ. ಬಿ.ಕಾಂ. ಓದಿದವನಾದ್ದರಿಂದ ಜಮಾ ಖರ್ಚು ಸರಿಹೊಂದಿದರೆ ಕೆಲಸ ಸರಿಯಾಯಿತು ಎಂದು ನಂಬಿದ್ದವನು. ಆ ನಂಬಿಕೆಯನ್ನು ಅಲುಗಾಡಿಸಿದ್ದು ದೇಲಂಪಾಡಿಯ ಒಬ್ಬ ತಾಯಿ ಕೇಳಿದ ಒಂದು ಪ್ರಶ್ನೆ. ಅದನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ದೇಲಂಪಾಡಿ ಕಾಸರಗೋಡು ಜಿಲ್ಲೆಯ ಗಡಿ ಪಂಚಾಯತು. ಆಚೆಗೆ ಕರ್ನಾಟಕದ ಸುಳ್ಯ, ಪುತ್ತೂರು ತಾಲೂಕುಗಳು. ಗುಡ್ಡ, ಕಾಡು, ಪಯಸ್ವಿನಿ ಹೊಳೆ, ನಡುನಡುವೆ ಅಡಿಕೆ ತೋಟಗಳು, ಒಂದಕ್ಕೊಂದು ದೂರವಾದ ಮನೆಗಳು. ಕೆಲವು ವರ್ಷಗಳ ಹಿಂದೆ ಅಲ್ಲಿ ಮಠದ ವತಿಯಿಂದ ಉಚಿತ ದಂತ ಚಿಕಿತ್ಸಾ ಶಿಬಿರ ನಡೆಯಿತು. ಶಾಲೆಯೊಂದರ ಜಗಲಿಯಲ್ಲಿ ಬೆಂಚು ಜೋಡಿಸಿದೆವು. ದಂತ ವೈದ್ಯ ಕಾಲೇಜೊಂದರಿಂದ ಡಾಕ್ಟರರು, ವಿದ್ಯಾರ್ಥಿಗಳು ಬಂದರು. ಬೆಳಗಿನಿಂದಲೇ ಸಾಲು. ತೋಟದ ಕೆಲಸದವರು, ಬೀಡಿ ಕಟ್ಟುವವರು, ಕಾಲೊನಿಗಳ ಜನ, ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜಿಯಂದಿರು. ಸಂಜೆಯ ಹೊತ್ತಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹಲ್ಲು ಕಿತ್ತಾಗಿತ್ತು. ಎಲ್ಲರಿಗೂ ಊಟ, ಮಾತ್ರೆ, ಒಂದೊಂದು ಬ್ರಷ್ಷು. ಇದೇ ಪತ್ರಿಕೆಯಲ್ಲಿ "ಶಿಬಿರವು ಅತ್ಯಂತ ಯಶಸ್ವಿಯಾಗಿ ನೆರವೇರಿತು" ಎಂದು ವರದಿ ಬರೆದವನು ನಾನೇ.

ನಾಲ್ಕೈದು ತಿಂಗಳ ಮೇಲೆ ಬೇರೆ ಕೆಲಸಕ್ಕಾಗಿ ಅದೇ ಊರಿಗೆ ಹೋಗಿದ್ದೆ. ಭಕ್ತರೊಬ್ಬರ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸೊಬ್ಬರು ನನ್ನನ್ನು ಗುರುತಿಸಿ ಎದ್ದು ಬಂದರು. ಎಡಗೆನ್ನೆ ಬಾತಿತ್ತು. "ಅಣ್ಣಾ, ಇನ್ನು ಯಾವಾಗ ಬರುವುದು ನಿಮ್ಮ ಡಾಕ್ಟರರು? ಆಚೆ ಬದಿಯದ್ದನ್ನು ಅವತ್ತು ತೆಗೆದರು. ಈಗ ಈಚೆ ಬದಿಯದ್ದು ಶುರುವಾಗಿ ಉಂಟು" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ನಂಬಿಕೆಯೇ ಇತ್ತು. ನಾನು ಹೇಳಲು ಉತ್ತರವಿಲ್ಲದೆ, "ನೋಡುವ ಅಕ್ಕಾ, ಹೇಳಿ ಕಳಿಸುತ್ತೇನೆ" ಎಂದು ಜಾರಿಕೊಂಡೆ. ಹೇಳಿ ಕಳಿಸುವುದಕ್ಕೆ ನಮ್ಮಲ್ಲಿ ಯಾವ ದಿನವೂ ನಿಗದಿಯಾಗಿರಲಿಲ್ಲ.

ಊರಿಗೆ ಬಂದು ಶಿಬಿರದ ರಿಜಿಸ್ಟರು ತೆಗೆದು ನೋಡಿದೆ. ಹೆಸರು, ವಯಸ್ಸು, ಊರು, ಕಿತ್ತ ಹಲ್ಲು, ಸಹಿ ಅಥವಾ ಹೆಬ್ಬೆಟ್ಟು. ಇಷ್ಟೇ ಕಾಲಂಗಳು. ಪೂಜ್ಯರ ಸನ್ನಿಧಿಗೆ ಒಯ್ದು ತೋರಿಸಿದೆ. ಪುಟ ತಿರುವಿ ನೋಡಿದ ಪೂಜ್ಯರು, "ಕಿತ್ತದ್ದು ಬರೆದಿದ್ದೀರಿ. ಉಳಿಸಿದ್ದು ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದರು. "ಆ ಕಾಲಂ ಇಲ್ಲ ಬುದ್ಧಿ" ಎಂದೆ. ಅವರು ಮತ್ತೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇಲ್ಲಿ ಡಾಕ್ಟರರನ್ನು ದೂರುವಂತಿಲ್ಲ. ಶಿಬಿರಕ್ಕೆ ಬಂದಿದ್ದ ಹಿರಿಯ ಡಾಕ್ಟರರನ್ನು ಆಮೇಲೆ ಕಂಡು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಸರ್, ಒಂದೇ ದಿನಕ್ಕೆ ಬಂದವನು ಒಂದೇ ದಿನದಲ್ಲಿ ಮುಗಿಯುವ ಕೆಲಸವನ್ನೇ ಮಾಡಬೇಕಾಗುತ್ತದೆ. ಅರ್ಧ ಚಿಕಿತ್ಸೆ ಮಾಡಿ ಬಿಟ್ಟು ಹೋದರೆ ಅವರಿಗೆ ಇನ್ನೂ ಕಷ್ಟ." ಈ ಮಾತಿನಲ್ಲಿ ಇಡೀ ಸಮಸ್ಯೆಯ ಬೇರು ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಲ್ಲಿಗೆ ಹುಳ ಹಿಡಿಯುತ್ತದೆ ಎನ್ನುತ್ತೇವೆ. ಅಲ್ಲಿ ಹುಳ ಯಾವುದೂ ಇಲ್ಲ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತುಗಳ ಶೇಷದಿಂದ ಆಮ್ಲವನ್ನು ಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿಯಾದ ಹೊರಪದರವನ್ನು ಸವೆಸುತ್ತದೆ. ಮೊದಲಿಗೆ ಒಂದು ಬಿಳಿ ಅಥವಾ ಕಂದು ಚುಕ್ಕೆ, ನೋವಿಲ್ಲ. ಆಗ ಹೋದರೆ ಸ್ವಲ್ಪ ಶುಚಿ ಮಾಡಿ ತುಂಬಿಸಿ ಕಳಿಸುತ್ತಾರೆ, ಒಂದು ಸಲದ ಕೆಲಸ. ತೂತು ಒಳಪದರಕ್ಕೆ ಇಳಿದಾಗ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಇನ್ನೂ ಒಳಗೆ, ನರ ಮತ್ತು ರಕ್ತನಾಳ ಇರುವಲ್ಲಿಗೆ ಮುಟ್ಟಿದಾಗ ರಾತ್ರಿ ನಿದ್ದೆ ಇಲ್ಲ. ಆಗ ಹಲ್ಲನ್ನು ಉಳಿಸಬೇಕಾದರೆ ರೂಟ್ ಕೆನಾಲ್ ಆಗಬೇಕು. ಸಾಮಾನ್ಯವಾಗಿ ಎರಡು ಮೂರು ಸಲ ಹೋಗಬೇಕು, ಖರ್ಚೂ ಹೆಚ್ಚು. ಕೀಳಿಸುವುದಾದರೆ ಒಂದೇ ಸಲ.

ಈಗ ದಿನಗೂಲಿಯವನ ಲೆಕ್ಕ ಹಾಕಿ ನೋಡಿ. ನೋವಿಲ್ಲದ ಚುಕ್ಕೆಗಾಗಿ ಒಂದು ದಿನದ ಸಂಬಳ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಪೇಟೆಗೆ ಯಾರು ಹೋಗುತ್ತಾರೆ? ನೋವು ಬಂದ ಮೇಲೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾನೆ. ಲವಂಗದ ಎಣ್ಣೆ ಹಾಕುತ್ತಾನೆ, ಕೆಲವರು ಹೊಗೆಸೊಪ್ಪನ್ನೇ ಹಲ್ಲಿಗೆ ಒತ್ತಿ ಇಡುತ್ತಾರೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಬೇರೆ. ಅದು ಬರೀ ಹೆದರಿಕೆ, ನಿಜವಲ್ಲ. ಕೊನೆಗೆ ಮುಖ ಬಾತಾಗ ಹೋಗುತ್ತಾನೆ. ಮೂರು ದಿನದ ಸಂಬಳ ಬಿಟ್ಟು ಹಲ್ಲು ಉಳಿಸಿಕೊಳ್ಳುವುದೋ, ಒಂದು ದಿನದಲ್ಲಿ ಕೀಳಿಸಿಕೊಂಡು ಬರುವುದೋ? ಅವನು ಅಜ್ಞಾನದಿಂದ ಕೀಳಿಸಿಕೊಳ್ಳುತ್ತಾನೆ ಎಂದು ನಾವು ಭಾವಿಸುತ್ತೇವೆ. ಇಲ್ಲ, ಅವನು ಲೆಕ್ಕ ಮಾಡಿಯೇ ಕೀಳಿಸಿಕೊಳ್ಳುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಅವನ ಮುಂದೆ ನಾವು ಇಟ್ಟ ಅಂಕಿಗಳೇ ತಪ್ಪಾಗಿವೆ.

ಹಲ್ಲು ಹೋದರೆ ಪ್ರಾಣ ಹೋಗುತ್ತದೆಯೆ ಎಂದು ಕೇಳುವವರಿದ್ದಾರೆ. ಒಂದು ದವಡೆ ಹಲ್ಲು ಹೋದರೆ ಪಕ್ಕದ್ದು ಆ ಸಂದಿಗೆ ವಾಲುತ್ತದೆ, ಎದುರಿನದು ಇಳಿದು ಬರುತ್ತದೆ, ಅಗಿಯುವ ಶಕ್ತಿ ಕುಂದುತ್ತದೆ. ನಾಲ್ಕಾರು ಹೋದರೆ ರೊಟ್ಟಿ, ಕಾಳು, ಹಸಿ ತರಕಾರಿ ದೂರವಾಗಿ ಗಂಜಿಯೊಂದೇ ಗತಿ. ಹಲ್ಲಿನ ಬುಡದ ಕೀವು ಅಲ್ಲೇ ನಿಲ್ಲದೆ ಕತ್ತಿನ ಕಡೆಗೆ ಇಳಿದರೆ ಉಸಿರಾಟಕ್ಕೇ ಅಪಾಯ. ಸಕ್ಕರೆ ಕಾಯಿಲೆಗೂ ವಸಡಿನ ರೋಗಕ್ಕೂ ಪರಸ್ಪರ ನಂಟು ಇದೆ. ಒಂದು ಕೆಟ್ಟರೆ ಇನ್ನೊಂದನ್ನು ಹತೋಟಿಯಲ್ಲಿ ಇಡುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆ. ಅವರಲ್ಲಿ ನಾಲ್ವರಲ್ಲಿ ಮೂವರು ನಮ್ಮಂಥ ಮಧ್ಯಮ ಆದಾಯದ ದೇಶಗಳವರು. ಹೀಗಿರುವಾಗ ಇದನ್ನು ಸಣ್ಣ ವಿಷಯ ಎನ್ನಲಾಗದು.

ಇನ್ನೊಂದು ಆಕ್ಷೇಪ ನಮ್ಮ ವರ್ತಕ ಬಂಧುಗಳದ್ದು. "ನಮ್ಮ ಹಲ್ಲಿಗೇ ನಾವು ಡಾಕ್ಟರಲ್ಲಿಗೆ ಹೋಗುವುದಿಲ್ಲ. ಅವರವರ ಬಾಯಿ ಅವರವರ ಜವಾಬ್ದಾರಿ" ಎನ್ನುತ್ತಾರೆ. ಅರ್ಧ ಮಾತು ನಿಜ. ಬೆಳಿಗ್ಗೆ ರಾತ್ರಿ ಹಲ್ಲುಜ್ಜುವುದನ್ನು ಬೇರೆಯವರು ಮಾಡಿಕೊಡಲಾರರು. ಆ ಮಟ್ಟಿಗೆ ನಮ್ಮ ಜನ ಹಿಂದೆ ಬಿದ್ದವರೂ ಅಲ್ಲ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಬಡವರ ಮನೆಯ ಬಚ್ಚಲಿಗೂ ತಲುಪಿತ್ತು. ನಮ್ಮ ಕಡೆ ಮಾವಿನ ಎಲೆ, ಉಪ್ಪು, ಉಮಿಯ ಕರಿ ಇದ್ದವು. ಅಂದರೆ ಕೈಗೆಟಕುವುದನ್ನು ಜನ ಬಳಸಿಯೇ ಬಳಸುತ್ತಾರೆ. ಕೈಗೆಟಕದಿರುವುದು ಚಿಕಿತ್ಸೆ. ನಾವು ಹೋಗಬಹುದಾಗಿದ್ದೂ ಹೋಗುವುದಿಲ್ಲ, ಅವರು ಹೋಗಬೇಕೆಂದರೂ ಹೋಗಲಾರರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹುಳುಕು ಹಲ್ಲು. ಒಳಗಿನಿಂದ ನೋಡಿದರೆ ಒಂದು ಸೋಮಾರಿತನ, ಇನ್ನೊಂದು ಅನ್ಯಾಯ. ನಮ್ಮ ಸೋಮಾರಿತನವನ್ನು ತೋರಿಸಿ ಅವರ ಅನ್ಯಾಯವನ್ನು ಮುಚ್ಚುವುದು ನ್ಯಾಯವಲ್ಲ.

ಇನ್ನು ನಮಗೆ ಇರುಸುಮುರುಸಾಗುವ ಒಂದು ಮಾತನ್ನು ಹೇಳಲೇಬೇಕು. ನಮ್ಮಲ್ಲಿ ಬಹುಮಂದಿ ಅಡಿಕೆ ಬೆಳೆಯುವವರು, ಇಲ್ಲವೆ ಅಡಿಕೆ ವ್ಯಾಪಾರದವರು. ನಾನೂ ಅಡಿಕೆ ತೋಟದ ಹುಟ್ಟುವಳಿಯಿಂದಲೇ ಓದಿದವನು. ಅಂಗಳದಲ್ಲಿ ಕೆಲಸಕ್ಕೆ ಕುಳಿತವರ ಮುಂದೆ ಎಲೆ ಅಡಿಕೆಯ ಹರಿವಾಣ ಇಡುವುದು ನಮ್ಮ ಮರ್ಯಾದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಅಗಿಯುವುದು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವರ್ಗೀಕರಿಸಿದೆ. ಬಹುಕಾಲ ಅಗಿಯುವವರಲ್ಲಿ ಕೆನ್ನೆಯ ಒಳಗಿನ ಚರ್ಮ ಗಡುಸಾಗಿ, ಖಾರ ತಾಗಿದರೆ ಉರಿದು, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ಒಂದು ರೋಗ ಬರುತ್ತದೆ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಈ ವರ್ಗೀಕರಣಕ್ಕೆ ಬೆಳೆಗಾರರ ಸಂಘಟನೆಗಳ ಆಕ್ಷೇಪ ಇದೆ. ಬೆಲೆಯ ಚಿಂತೆ ನನಗೂ ಇದೆ. ಆದರೆ ನಮ್ಮ ಅಂಗಳದಲ್ಲಿ ಕುಳಿತು ನಮ್ಮ ಅಡಿಕೆ ಸುಲಿಯುವವಳ ಬಾಯಿ ಉರಿಯುತ್ತಿದ್ದರೆ, ವಾದ ಮುಗಿಯುವವರೆಗೆ ಆಕೆ ಕಾಯಬೇಕೆ? ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಅದನ್ನು ಮೊದಲು ಕಾಣುವವರು ಹಲ್ಲಿನ ಡಾಕ್ಟರರೇ. ಹಲ್ಲಿನ ಡಾಕ್ಟರರು ಹತ್ತಿರ ಇಲ್ಲದ ಊರಿನಲ್ಲಿ ಅದು ಕಾಣುವುದು ತಡವಾಗಿ. ಬೆಳೆಯ ಲಾಭ ನಮಗೆ ಬರುವುದಾದರೆ ಈ ಬಾಯಿಗಳ ಕಡೆಗೆ ನಮ್ಮದು ದಾನವಲ್ಲ, ಬಾಕಿ. ಲೆಕ್ಕ ಬರೆಯುವವನಾಗಿ ಇಷ್ಟು ಹೇಳಬಲ್ಲೆ: ಬಾಕಿಯನ್ನು ದಾನದ ಖಾತೆಗೆ ಬರೆಯುವುದು ತಪ್ಪು ಲೆಕ್ಕ.

ಸರಕಾರ ಏನು ಮಾಡುತ್ತಿದೆ ಎಂಬ ಪ್ರಶ್ನೆ ಸಹಜ. ಕೇರಳದಲ್ಲಿ ಆರೋಗ್ಯ ವ್ಯವಸ್ಥೆ ಗಟ್ಟಿಯಾದದ್ದು. 2017ರಲ್ಲಿ ಆರಂಭವಾದ ಆರ್ದ್ರಂ ಯೋಜನೆಯಲ್ಲಿ ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗಿವೆ. ಆದರೆ ಹಲ್ಲಿನ ವಿಭಾಗಗಳು ಇರುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ. ಜ್ವರಕ್ಕೆ ಊರಿನಲ್ಲೇ ಮದ್ದು ಸಿಗುತ್ತದೆ, ಹಲ್ಲಿಗೆ ಪೇಟೆಗೇ ಹೋಗಬೇಕು. ಅಲ್ಲಿಗೆ ವರ್ಗವಾಗಿ ಬಂದ ಡಾಕ್ಟರರು ದಕ್ಷಿಣದ ಜಿಲ್ಲೆಯವರಾದರೆ, ಕನ್ನಡವೋ ತುಳುವೋ ಮಾತ್ರ ಬರುವ ಅಜ್ಜಿ ತನ್ನ ನೋವು ಸಿಡಿಯುವಂಥದ್ದೋ ಜುಮ್ಮೆನ್ನುವಂಥದ್ದೋ ಎಂದು ತಿಳಿಸಲಾರಳು. ಬಾಯಿ ತೆರೆದು ಬೆರಳು ತೋರಿಸುವುದಷ್ಟೇ ಆಕೆಗೆ ಉಳಿದ ಭಾಷೆ.

ಗಡಿಯ ಸಂಗತಿ ಇನ್ನೂ ವಿಚಿತ್ರ. ಈ ಭಾಗದ ಹಲವು ಮನೆಗಳಿಗೆ ಕಾಸರಗೋಡಿಗಿಂತ ಸುಳ್ಯ ಹತ್ತಿರ. ಚೆರ್ಕಳ ಜಾಲ್ಸೂರು ರಸ್ತೆಯಲ್ಲಿ ಮೇಲಕ್ಕೆ ಹೋದರೆ ಸುಳ್ಯ ಪೇಟೆ. ಕುರುಂಜಿ ವೆಂಕಟರಮಣ ಗೌಡರು ಅಲ್ಲಿ ಕಟ್ಟಿದ ಸಂಸ್ಥೆಗಳಲ್ಲಿ ದಂತ ವೈದ್ಯ ಕಾಲೇಜೂ ಒಂದು. ಕೆಳಕ್ಕೆ ಹೋದರೆ ಕಾಸರಗೋಡು ಜಿಲ್ಲೆಯ ಪೊಯಿನಾಚಿಯಲ್ಲಿಯೂ ಒಂದು ದಂತ ವೈದ್ಯ ಕಾಲೇಜು ಇದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ 2014-15ರಲ್ಲಿ ತಂದಿತು. 60 ದಾಟಿದ ಬಡವರಿಗೆ ಕೃತಕ ಹಲ್ಲು ಕೊಡುವ ಮಂದಹಾಸಂ ಎಂಬ ಯೋಜನೆ ಕೇರಳದ್ದು. ಎರಡೂ ಒಳ್ಳೆಯವೇ. ಆದರೆ ಹೊಳೆಯಾಚೆಗಿನ ಆಸ್ಪತ್ರೆಗೆ ಈಚೆಯ ರೇಷನ್ ಕಾರ್ಡು ನಡೆಯುವುದಿಲ್ಲ. ಇನ್ನೂ ಒಂದು ಸಂಗತಿ ಗಮನಿಸಿ: ಎರಡೂ ಸರಕಾರಗಳು ಯೋಜನೆಗೆ ಹೆಸರಿಟ್ಟು ಕೊಡುತ್ತಿರುವುದು ಹಲ್ಲು ಹೋದ ಮೇಲೆ. ಹಲ್ಲು ಇರುವಾಗ ಮನೆಬಾಗಿಲಿಗೆ ಬರುವ ಯೋಜನೆಗೆ ಅಷ್ಟು ದೊಡ್ಡ ಹೆಸರು ಇನ್ನೂ ಬಂದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ತನಕ ಹೋಯಿತು. ಗಡಿಯಾಚೆಗಿನ ಆಸರೆ ಎಷ್ಟು ದೊಡ್ಡದು, ಎಷ್ಟು ತೆಳ್ಳಗಿನದು ಎಂಬುದು ಆಗ ಕಂಡಿತು.

ಗಡಿ ಇದೆ ಎಂದು ಕೈಕಟ್ಟಿ ಕುಳಿತುಕೊಳ್ಳುವ ಜನ ನಾವಲ್ಲ. 1973ರಲ್ಲಿ ಅಡಿಕೆ ಧಾರಣೆಯ ಸಂಕಟದ ಕಾಲದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಅಡಿಕೆಗೆ ಬೆಲೆ ಬೇಕಾದಾಗ ಎರಡು ರಾಜ್ಯದವರು ಒಂದೇ ಸಹಕಾರ ಸಂಘದಲ್ಲಿ ಷೇರು ಹಾಕಿ ಕುಳಿತೆವು. ಅಡಿಕೆ ಸುಲಿಯುವವರ ಹಲ್ಲಿನ ವಿಷಯ ಬಂದಾಗ ಮಾತ್ರ ಗಡಿ ನಮಗೆ ಅಡ್ಡ ಬರುತ್ತದೆಯೆ?

ಹಾಗಾದರೆ ಮಾಡುವುದೇನು? ಮೊದಲಿಗೆ, ನಮ್ಮ ತೋಟದಲ್ಲೇ ನಾವು ಮಾಡುವ ಕೆಲಸವನ್ನು ನೆನೆಯೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಕಾಯಿ ಉದುರಿದ ಮೇಲೆ ಯಾರಾದರೂ ಹೊಡೆಯುತ್ತಾರೆಯೆ? ಮಳೆ ಹಿಡಿಯುವ ಮೊದಲೇ ಒಂದು ಸಲ, ಮಳೆಗಾಲದ ನಡುವೆ ಬಿಸಿಲು ನೋಡಿ ಮತ್ತೊಂದು ಸಲ. ಮರಕ್ಕೆ ಹತ್ತುವವರನ್ನು ಮುಂಗಡ ಕೊಟ್ಟು ಗೊತ್ತುಮಾಡುತ್ತೇವೆ. ತಡೆಯುವ ಖರ್ಚು ಕಳೆದುಕೊಳ್ಳುವ ನಷ್ಟಕ್ಕಿಂತ ಕಡಿಮೆ ಎಂದು ಕಲಿಸಬೇಕಾದ ಜನ ನಾವಲ್ಲ. ಅಡಿಕೆ ಗೊನೆಗೆ ಕೊಟ್ಟ ಮುಂದಾಲೋಚನೆಯನ್ನು ಮನುಷ್ಯನ ದವಡೆಗೂ ಕೊಡಬೇಕು, ಅಷ್ಟೆ.

ಅದಕ್ಕೆ ದೊಡ್ಡ ಯಂತ್ರಗಳೇ ಬೇಕು ಎಂದೂ ಇಲ್ಲ. 1980ರ ದಶಕದ ಮಧ್ಯದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ, ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ ಒಂದು ಸರಳ ಕ್ರಮ ರೂಪುಗೊಂಡಿತು. ಕೊರೆಯುವ ಯಂತ್ರವಿಲ್ಲದೆ, ಕೈ ಉಪಕರಣದಿಂದಲೇ ಹುಳುಕಾದ ಮೆತ್ತನೆಯ ಭಾಗವನ್ನು ಕೆರೆದು ತೆಗೆದು, ಗ್ಲಾಸ್ ಅಯನೋಮರ್ ಎಂಬ ಸಿಮೆಂಟನ್ನು ತುಂಬಿಸುವುದು. ಹೆಚ್ಚಿನ ಸಲ ಚುಚ್ಚುಮದ್ದೂ ಬೇಕಾಗುವುದಿಲ್ಲ. ಬಾಯಿಯ ಆರೋಗ್ಯವನ್ನೇ ವಿಷಯವಾಗಿ ಇಟ್ಟುಕೊಂಡಿದ್ದ 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಜಗತ್ತಿನ ಮುಂದೆ ಇಟ್ಟಿತು. 2021ರಲ್ಲಿ ಅದೇ ಸಂಸ್ಥೆ ಫ್ಲೋರೈಡ್ ಇರುವ ಪೇಸ್ಟು, ಈ ಸಿಮೆಂಟು, ಹುಳುಕನ್ನು ತಡೆದು ನಿಲ್ಲಿಸುವ ಸಿಲ್ವರ್ ಡಯಾಮೈನ್ ಫ್ಲೋರೈಡ್ ಎಂಬ ದ್ರವ ಇವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ದ್ರವ ಹಚ್ಚಿದಲ್ಲಿ ಹಲ್ಲು ಕಪ್ಪಾಗುತ್ತದೆ ಎಂಬುದೊಂದು ಕುಂದು. ಆದರೆ ಹೆದರುವ ಮಕ್ಕಳಿಗೆ, ಪೇಟೆಗೆ ಹೋಗಲಾರದ ವೃದ್ಧರಿಗೆ ಅದು ಉಪಕಾರಿ. ಹೀಗೆ ಶಾಲೆಯ ಜಗಲಿಯಲ್ಲಿಯೂ ಹಲ್ಲು ಉಳಿಸಬಹುದು. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಒಂದೇ: ಮತ್ತೆ ಬರುವ ದಿನ ಗೊತ್ತಿರಬೇಕು.

ಡಾಕ್ಟರರ ಕೊರತೆಯೆ? ದೇಶದಲ್ಲಿ 300ಕ್ಕೂ ಹೆಚ್ಚು ದಂತ ವೈದ್ಯ ಕಾಲೇಜುಗಳಿವೆ. ನಮ್ಮ ಸಮಾಜದ ರೈತರೂ ವರ್ತಕರೂ ಕೈಹಿಡಿದು ಬೆಳೆಸಿದ ವಿದ್ಯಾಸಂಸ್ಥೆಗಳಲ್ಲಿಯೂ ಅವು ಇವೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಆರಂಭಿಸಿದ ಕೆ.ಎಲ್.ಇ. ಸಂಸ್ಥೆ, ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ, ದಾವಣಗೆರೆಯ ಬಾಪೂಜಿ ಸಂಸ್ಥೆ, ಮೂರೂ ಕಡೆ ದಂತ ವೈದ್ಯ ಕಾಲೇಜುಗಳಿವೆ. ಪ್ರತಿ ದಂತ ವೈದ್ಯ ಕಾಲೇಜಿನಲ್ಲಿಯೂ ಸಾರ್ವಜನಿಕ ದಂತ ಆರೋಗ್ಯ ಎಂಬ ವಿಭಾಗವಿದೆ. ಹಳ್ಳಿಗೆ ಹೋಗುವುದು ವಿದ್ಯಾರ್ಥಿಗಳ ಕಲಿಕೆಯ ಭಾಗವೇ. ಡಾಕ್ಟರರು ಇದ್ದಾರೆ, ಅವರು ಪೇಟೆಗಳಲ್ಲಿದ್ದಾರೆ. ರೋಗಿಗಳು ಇದ್ದಾರೆ, ಅವರು ಗುಡ್ಡದ ಮೇಲಿದ್ದಾರೆ. ಇವರಿಬ್ಬರ ನಡುವಿನ ದಾರಿಯಲ್ಲಿ ನಿಲ್ಲಬೇಕಾದವರು ನಾವು.

ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಇಲ್ಲಿ ನನಗೆ ಹೊಸದಾಗಿ ಅರ್ಥವಾಯಿತು. ದಾನದಲ್ಲಿ ಕೊಡುವವನು ತನಗೆ ಅನುಕೂಲವಾದ ದಿನ ಬಂದು, ತನಗೆ ಅನುಕೂಲವಾದದ್ದನ್ನು ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾನೆ. ದಾಸೋಹದಲ್ಲಿ ಹಸಿದವನ ಹೊತ್ತೇ ಊಟದ ಹೊತ್ತು. ದಾಸೋಹದ ಒಲೆಯನ್ನು ವರ್ಷಕ್ಕೊಮ್ಮೆ ಹಚ್ಚಿ "ಯಶಸ್ವಿಯಾಯಿತು" ಎಂದು ಯಾರೂ ವರದಿ ಬರೆಯುವುದಿಲ್ಲ. ನಾಳೆಯೂ ಅದು ಹೊತ್ತಿರುತ್ತದೆ ಎಂಬ ನಂಬಿಕೆಯಿಂದಲೇ ದೂರದವನು ನಡೆದು ಬರುತ್ತಾನೆ. ನಮ್ಮ ದಂತ ಶಿಬಿರ ದಾನವಾಗಿತ್ತು, ದಾಸೋಹವಾಗಿರಲಿಲ್ಲ. ಕಿತ್ತದ್ದನ್ನು ಎಣಿಸುವುದು ಸುಲಭ. ಸುಲಭವಾಗಿ ಎಣಿಸಬಹುದಾದದ್ದನ್ನೇ ನಾವು ಪುಣ್ಯ ಎಂದು ಎಣಿಸಿಬಿಟ್ಟೆವು. ಅಂದು ಬಂದವರ ನೋವು ಇಳಿದದ್ದು ಸುಳ್ಳಲ್ಲ. ಕೆಲವು ಹಲ್ಲುಗಳನ್ನು ಕೀಳಲೇಬೇಕಾಗಿತ್ತು. ಆದರೆ ಉಳಿಸಬಹುದಾಗಿದ್ದ ಹಲ್ಲನ್ನು, ನಾವು ಮತ್ತೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೀಳಿಸಿದ್ದರೆ, ಆ ಹಲ್ಲು ಹೋದದ್ದು ರೋಗದಿಂದಲ್ಲ, ನಮ್ಮಿಂದ.

ಆದುದರಿಂದ ತಮ್ಮೆಲ್ಲರಲ್ಲಿ ಕೆಲವು ವಿನಂತಿಗಳು.

ಒಂದನೆಯದು, ತೋಟದ ಯಜಮಾನರಲ್ಲಿ ಮತ್ತು ಅಂಗಡಿಯ ಮಾಲೀಕರಲ್ಲಿ. ತಮ್ಮಲ್ಲಿ ದುಡಿಯುವವರು ಹಲ್ಲಿನ ಡಾಕ್ಟರಲ್ಲಿಗೆ ಹೋದ ದಿನದ ಅರ್ಧ ಸಂಬಳವನ್ನಾದರೂ ಕಡಿಯಬೇಡಿ. ಮುಖ ಬಾತ ಮೇಲೆ ಮೂರು ದಿನ ಕೆಲಸಕ್ಕೆ ಬಾರದಿರುವುದಕ್ಕಿಂತ ಇದು ತಮಗೂ ಕಡಿಮೆ ಖರ್ಚು. ಒಂದು ವೇಳೆ ಹೆಚ್ಚು ಖರ್ಚಾದರೂ ಕೊಡಬೇಕಾದದ್ದೇ. ಉಪದೇಶ ಎಷ್ಟು ಕೊಟ್ಟರೂ ಬಸ್ಸು ಹತ್ತಿಸುವುದು ಈ ಅರ್ಧ ಸಂಬಳವೇ.

ಎರಡನೆಯದು, ಕೆಲಸದವರಿಗೆ ಹರಿವಾಣದಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಕೊಡುವ ಬದಲು ಮಜ್ಜಿಗೆಯನ್ನೋ ಅವಲಕ್ಕಿಯನ್ನೋ ಕೊಡುವ ರೂಢಿ ಮಾಡೋಣ. ಮರ್ಯಾದೆ ಕೊಡಲು ಬೇರೆ ದಾರಿಗಳೂ ಇವೆ.

ಮೂರನೆಯದು, ಮಕ್ಕಳ ವಿಷಯ. ಸುಮಾರು ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಮೂಡುತ್ತದೆ. ಅದು ಬಿದ್ದು ಮತ್ತೆ ಬರುವ ಹಲ್ಲಲ್ಲ, ಕಡೆಯ ತನಕ ಇರಬೇಕಾದ ಹಲ್ಲು. ಹಾಲುಹಲ್ಲು ಎಂದು ತಿಳಿದು ನಾವು ಬಿಟ್ಟುಬಿಡುತ್ತೇವೆ, ಮೊದಲು ಹುಳುಕಾಗುವುದೂ ಅದೇ. ಮನೆಯ ಮಕ್ಕಳದ್ದನ್ನೂ ಕೆಲಸದವರ ಮಕ್ಕಳದ್ದನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ರಾತ್ರಿ ಮಲಗುವ ಮೊದಲು ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ ಉಜ್ಜಿಸಿ, ಆಮೇಲೆ ಸಿಹಿ ಕೊಡಬೇಡಿ.

ನಾಲ್ಕನೆಯದು ಮಠಕ್ಕೆ ಸಂಬಂಧಿಸಿದ್ದು, ಅಂದರೆ ನನಗೇ ಸಂಬಂಧಿಸಿದ್ದು. ಇನ್ನು ಮುಂದೆ ಹತ್ತು ಊರುಗಳಲ್ಲಿ ಒಂದೊಂದು ಸಲ ಶಿಬಿರ ಮಾಡುವ ಬದಲು, ಒಂದೇ ಊರಿಗೆ ಗೊತ್ತಾದ ದಿನ ಮತ್ತೆ ಮತ್ತೆ ಹೋಗುವ ಏರ್ಪಾಡು ಆಗಬೇಕೆಂದು ಪೂಜ್ಯರಲ್ಲಿಯೂ ಸಮಿತಿಯಲ್ಲಿಯೂ ಅರಿಕೆ ಮಾಡಿದ್ದೇನೆ. ಗಡಿಯ ಎರಡೂ ಬದಿಯ ಕಾಲೇಜುಗಳನ್ನು ಕೇಳಬೇಕು. ಜೀಪು ಇರುವವರು ತಿಂಗಳಿಗೆ ಒಂದು ದಿನ ಜೀಪು ಕೊಡಬೇಕು. ಭಾಷೆ ಬಲ್ಲ ಯುವಕ ಯುವತಿಯರು ಹಿರಿಯರ ಜೊತೆ ಕುಳಿತು ಅವರ ನೋವನ್ನು ಡಾಕ್ಟರರಿಗೆ ದಾಟಿಸಬೇಕು. ಇದು ಕಾಣಿಕೆ ಡಬ್ಬಿಯಿಂದ ಆಗುವ ಕೆಲಸಕ್ಕಿಂತ ಹೆಚ್ಚಾಗಿ ಕೈಕಾಲುಗಳಿಂದ ಆಗುವ ಕೆಲಸ.

ಹೊಸ ರಿಜಿಸ್ಟರಿಗೆ ಗೆರೆ ಎಳೆದು ಇಟ್ಟಿದ್ದೇನೆ. "ಕಿತ್ತ ಹಲ್ಲು" ಎಂಬ ಕಾಲಂನ ಪಕ್ಕದಲ್ಲಿ "ಉಳಿಸಿದ ಹಲ್ಲು" ಎಂದು ಒಂದು, "ಮತ್ತೆ ಬರುವ ದಿನ" ಎಂದು ಇನ್ನೊಂದು. ಮೊದಲನೆಯ ಸಾಲಿನಲ್ಲಿ ಆ ತಾಯಿಯ ಹೆಸರು ಬರೆದಿದ್ದೇನೆ. ಅವರ ಎಡಬದಿಯ ಹಲ್ಲು ಉಳಿಯುವಷ್ಟು ಬೇಗ ನಾವು ತಲುಪುತ್ತೇವೆಯೋ ಇಲ್ಲವೋ ಹೇಳಲಾರೆ. ಆದರೆ "ಇನ್ನು ಯಾವಾಗ ಬರುವುದು" ಎಂದು ಅವರು ಮತ್ತೆ ಕೇಳಿದರೆ ಜಾರಿಕೊಳ್ಳದೆ ಒಂದು ತಾರೀಖು ಹೇಳಬೇಕು. ಆ ತಾರೀಖಿನ ಕಾಲಂ ಇನ್ನೂ ಖಾಲಿ ಇದೆ. ಅದನ್ನು ತುಂಬಿಸುವುದು ನನ್ನೊಬ್ಬನಿಂದ ಆಗುವ ಕೆಲಸವಲ್ಲ. ತಾವೆಲ್ಲರೂ ಕೈಜೋಡಿಸಬೇಕೆಂದು ಬೇಡುತ್ತೇನೆ.



— ಕಾರ್ಯದರ್ಶಿ